ಘಟ್ಟವಿಳಿಯದ ರೈಲುಹಾದಿ
(ಗುಲ್ವಾಡಿ ಸೀಮೆಯ ಚರಿತ್ರೆಯಲ್ಲಿ ಒಂದು ವಿಚಾರ)

೧

ಕುಂದಾಪುರದ ಮೂಡಲಿಗೆ, ಗಂಗೊಳ್ಳಿಯ ಅಳಿವೆಗೆ ಇಳಿದು ಬರುವ ಹೊಳೆಗಳ ಬಯಲಿನಲ್ಲಿ, ಪ್ರಾಚೀನ ಪಟ್ಟಣವಾದ ಬಸರೂರಿಗೆ ಅನತಿದೂರದಲ್ಲಿ, ಗುಲ್ವಾಡಿಯೆಂಬ ಗ್ರಾಮವಿದೆ. ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಈ ಹೆಸರು ಹೊಸತಲ್ಲ. ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ಗಣಿತವಾದ ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು’ ಎಂಬ ಗ್ರಂಥವನ್ನು ರಚಿಸಿದ ಗುಲ್ವಾಡಿ ವೆಂಕಟರಾಯರ (೧೮೪೪–೧೯೧೩) ಮನೆತನದ ಹೆಸರು ಈ ಊರಿನದು. ಆ ಗ್ರಂಥವು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದುದು ೧೮೯೯ನೆಯ ಇಸವಿಯಲ್ಲಿ. ಅದೇ ವರ್ಷ, ಘಟ್ಟದ ಮೇಲೆ, ಬೀರೂರಿನಿಂದ ಶಿವಮೊಗ್ಗದವರೆಗೆ ರೈಲುಹಾದಿಯು ತೆರೆಯಲ್ಪಟ್ಟಿತು. ಒಂದು ಘಟನೆಗೂ ಇನ್ನೊಂದಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಎರಡನ್ನೂ ಒಟ್ಟಿಗೆ ನೆನೆದಾಗ ಒಂದು ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಮುದ್ರಣ, ಶಾಲೆ, ನ್ಯಾಯಾಲಯ, ಸಮಾಜಸುಧಾರಣೆ ಮೊದಲಾದ ಹೊಸಗಾಲದ ಚಿಹ್ನೆಗಳೆಲ್ಲವನ್ನೂ ಘಟ್ಟದ ಮೇಲಿನ ಅನೇಕ ಸೀಮೆಗಳಿಗಿಂತ ಮೊದಲೇ ಕಂಡ ಈ ಕರಾವಳಿಯು, ಹೊಗೆಬಂಡಿಯೊಂದನ್ನು ಮಾತ್ರ ಏತಕ್ಕೆ ಮತ್ತೊಂದು ನೂರು ವರ್ಷ ಕಾಯಬೇಕಾಯಿತು?

ಹಳಿಯನ್ನು ಹಾಕಲು ಯಾರೂ ಯೋಚಿಸಲಿಲ್ಲವೆಂಬುದು ಇದಕ್ಕೆ ಉತ್ತರವಾಗಲಾರದು. ಘಟ್ಟದ ಮೇಲಿನಿಂದ ಕನ್ನಡ ಜಿಲ್ಲೆಯ ಬಂದರುಗಳಿಗೆ ರೈಲನ್ನು ಇಳಿಸುವ ಯೋಜನೆಗಳು ೧೮೬೦ರ ದಶಕದಿಂದ ಮೊದಲ್ಗೊಂಡು ಮತ್ತೆ ಮತ್ತೆ ತಲೆಯೆತ್ತಿದವು. ಮತ್ತೆ ಮತ್ತೆ ಕೈಬಿಡಲ್ಪಟ್ಟವು. ಕೈಬಿಟ್ಟುಹೋದ ಈ ಹಾದಿಗಳಿಗೂ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಕ್ರಮವಾಗಿ ನೋಡಿ, ಶಿವಮೊಗ್ಗದಿಂದ ಹೊರಟ ಹಾದಿಯು ತಾಳಗುಪ್ಪವೆಂಬ ಚಿಕ್ಕ ಊರಿನಲ್ಲಿ ಏಕೆ ನಿಂತಿತೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲಿಗೆ ರೈಲು ಬರುವ ಮುನ್ನಿನ ಸ್ಥಿತಿಯನ್ನು ತಿಳಿಯುವುದು ಅವಶ್ಯಕ. ಕರಾವಳಿಯ ಈ ಭಾಗದ ಇತಿಹಾಸವೆಲ್ಲವೂ ಮೂಡಲಿಂದ ಪಡುವಲಿಗೆ ಹರಿದ ಇತಿಹಾಸ. ಹೊಳೆಗಳು ಹಾಗೆಯೇ ಹರಿಯುತ್ತವೆ. ಹೊಳೆಗಳ ಜಾಡನ್ನು ಹಿಡಿದು ಘಟ್ಟದ ದಾರಿಗಳೂ ಹಾಗೆಯೇ ಸಾಗಿದವು. ಹೊಸಂಗಡಿ ಘಟ್ಟ, ಕೊಲ್ಲೂರು ಘಟ್ಟ, ಇನ್ನೂ ಉತ್ತರಕ್ಕೆ ಗೇರುಸೊಪ್ಪೆಯ ಘಟ್ಟ, ಇವುಗಳ ಮೂಲಕ ಮಲೆನಾಡಿನ ಮೆಣಸು, ಅಡಕೆ, ಏಲಕ್ಕಿಗಳು ಹೇರೆತ್ತುಗಳ ಬೆನ್ನಮೇಲೆ ಕೆಳಕ್ಕಿಳಿಯುತ್ತಿದ್ದವು. ಉಪ್ಪು, ಒಣಮೀನು, ತೆಂಗಿನಕಾಯಿ, ಕಡಲಾಚೆಯ ಸರಕುಗಳು ಮೇಲಕ್ಕೇರುತ್ತಿದ್ದವು. ಘಟ್ಟದ ಬುಡದಲ್ಲಿ ಹೇರನ್ನಿಳಿಸಿದರೆ ಮುಂದಿನದು ದೋಣಿಯ ಕೆಲಸ. ಹೊಳೆಯ ದೋಣಿಯಿಂದ ಅಳಿವೆಯ ಮಚವೆಗೆ, ಮಚವೆಯಿಂದ ದೊಡ್ಡ ಹಡಗಿಗೆ ಸರಕು ಸಾಗುತ್ತಿತ್ತು.

ಈ ವ್ಯಾಪಾರದ ಬಲದಿಂದಲೇ ಬಸರೂರು ಬೆಳೆಯಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ತೀರವನ್ನು ವರ್ಣಿಸಿದ ಪೋರ್ತುಗೀಸರ ದುಆರ್ತೆ ಬಾರ್ಬೊಸನು ಬಸರೂರು, ಬಾರಕೂರುಗಳನ್ನು ಹೆಸರಿಸಿದ್ದಾನೆ. ಪೋರ್ತುಗೀಸರಿಗೆ ಇಲ್ಲಿನ ಅಕ್ಕಿಯು ಬಹು ಮುಖ್ಯವಾಗಿದ್ದಿತು. ೧೫೬೮–೬೯ರಲ್ಲಿ ವೈಸರಾಯಿ ಲೂಯಿಸ್ ದ ಅತಾಯಿದನು ಹೊನ್ನಾವರವನ್ನೂ ಬಸರೂರನ್ನೂ ವಶಪಡಿಸಿಕೊಂಡುದಕ್ಕೆ ಇದೊಂದು ಕಾರಣ. ಮುಂದೆ ೧೬೬೫ರಲ್ಲಿ ಶಿವಾಜಿಯು ಕಡಲ ಮಾರ್ಗವಾಗಿ ಬಂದು ಬಸರೂರನ್ನು ಸುಲಿದುದು ಪ್ರಸಿದ್ಧವಾಗಿದೆ. ಸುಲಿಯಲು ಅಲ್ಲಿ ಸಂಪತ್ತಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಕಾಲದಲ್ಲಿ ಈ ತೀರವನ್ನು ಆಳುತ್ತಿದ್ದವರು ಘಟ್ಟದ ಮೇಲಿನ ಕೆಳದಿಯ ನಾಯಕರು. ಅವರ ರಾಜಧಾನಿಯು ಕೆಳದಿಯಿಂದ ಇಕ್ಕೇರಿಗೂ, ಇಕ್ಕೇರಿಯಿಂದ ಬಿದನೂರಿಗೂ ಬದಲಾಯಿತು. ಕೊನೆಯದಾದ ಬಿದನೂರು, ಎಂದರೆ ಇಂದಿನ ನಗರ, ಘಟ್ಟದ ಅಂಚಿನಲ್ಲಿಯೇ ಇದೆ. ರಾಜ್ಯದ ಕಣ್ಣು ಕಡಲ ಕಡೆಗಿದ್ದಿತೆಂಬುದನ್ನು ಇದು ತೋರಿಸುತ್ತದೆ. ೧೭೮೩ರಲ್ಲಿ ಇಂಗ್ಲಿಷರ ಸೇನಾನಿ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದ ಕೂಡಲೇ ಹೊಸಂಗಡಿ ಘಟ್ಟವನ್ನೇರಿ ಬಿದನೂರಿಗೆ ನುಗ್ಗಿದನು. ಬಂದರಿಗೂ ರಾಜಧಾನಿಗೂ ನಡುವಿನ ನಂಟು ವ್ಯಾಪಾರಿಗಳಿಗೆ ಹೇಗೋ ಹಾಗೆ ಯೋಧರಿಗೂ ತಿಳಿದಿದ್ದಿತು.

ಈ ಎಲ್ಲ ಕಾಲದಲ್ಲಿಯೂ ಘಟ್ಟವು ಗೋಡೆಯಾಗಿರಲಿಲ್ಲ, ಮೆಟ್ಟಿಲಾಗಿದ್ದಿತು. ಅದು ಗೋಡೆಯಾದುದು ಅನಂತರದ ಮಾತು.

೩

೧೭೯೯ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕಾರವಾರದಿಂದ ಕಾಸರಗೋಡಿನವರೆಗಿನ ಕರಾವಳಿಯು ಇಂಗ್ಲಿಷ್ ಕಂಪನಿಯ ಕೈಸೇರಿ, ಮದರಾಸು ಆಧಿಪತ್ಯಕ್ಕೆ ಒಳಪಟ್ಟ ಕನ್ನಡ ಜಿಲ್ಲೆಯೆನಿಸಿತು. ಘಟ್ಟದ ಮೇಲಿನ ನಗರ, ಸಾಗರ, ಶಿವಮೊಗ್ಗಗಳು ಮೈಸೂರು ಸಂಸ್ಥಾನದಲ್ಲಿ ಉಳಿದವು. ಕೆಳದಿಯ ಕಾಲದಲ್ಲಿ ಒಂದೇ ರಾಜ್ಯವಾಗಿದ್ದುದು ಹೀಗೆ ಎರಡಾಯಿತು. ಮೂರನೆಯ ಗೆರೆಯು ಬಿದ್ದುದು ೧೮೬೨ರಲ್ಲಿ. ಈ ಗೆರೆಯ ಕಾರಣವು ವಿಚಾರಾರ್ಹವಾದುದು.

೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಹತ್ತಿಕೊಂಡಿತು. ಅಲ್ಲಿಂದ ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿಯು ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳ ಒಡೆಯರು ಹಿಂದುಸ್ಥಾನದ ಹತ್ತಿಯ ಕಡೆಗೆ ತಿರುಗಿದರು. ಧಾರವಾಡ ಸೀಮೆಯ ಹತ್ತಿಯು ಒಳ್ಳೆಯದು. ಆದರೆ ಅದನ್ನು ಹಡಗಿಗೆ ಮುಟ್ಟಿಸುವುದು ದುಸ್ತರ. ಅದಕ್ಕೆ ಅತಿ ಸಮೀಪದ ಒಳ್ಳೆಯ ಬಂದರೆಂದರೆ ಕಾಳಿನದಿಯ ಮುಖದಲ್ಲಿರುವ ಕಾರವಾರ. ಧಾರವಾಡವು ಮುಂಬಯಿ ಆಧಿಪತ್ಯದಲ್ಲಿ, ಕಾರವಾರವು ಮದರಾಸು ಆಧಿಪತ್ಯದಲ್ಲಿ ಇದ್ದುದರಿಂದ, ಬಂದರೂ ಅದರ ಹಿನ್ನಾಡೂ ಒಂದೇ ಸರ್ಕಾರದ ಕೆಳಗಿರಬೇಕೆಂಬ ಒತ್ತಾಯವು ಬೆಳೆಯಿತು. ಇದರ ಪರಿಣಾಮವಾಗಿ ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ವರ್ಗವಾಯಿತು. ಕುಂದಾಪುರ ತಾಲೂಕು ಮಾತ್ರ ಮದರಾಸಿನಲ್ಲಿ, ದಕ್ಷಿಣ ಕನ್ನಡದ ಭಾಗವಾಗಿ ಉಳಿಯಿತು. ಶಿರೂರಿನಾಚೆಗೆ ಭಟ್ಕಳವು ಮುಂಬಯಿಯದು. ಈಚೆಗೆ ಬೈಂದೂರು, ಕುಂದಾಪುರ, ಗುಲ್ವಾಡಿಗಳು ಮದರಾಸಿನವು. ಮೂಡಲ ಘಟ್ಟದ ನೆತ್ತಿಯು ಮೈಸೂರಿನದು. ಮೂರು ಸರ್ಕಾರಗಳ ಗಡಿಗಳು ಈ ಸಣ್ಣ ಸೀಮೆಯ ಸುತ್ತ ಕೂಡಿದವು.

ಕಾರವಾರವನ್ನು ಮುಂಬಯಿಗೆ ಸೇರಿಸಿದುದು ಹತ್ತಿಗಾಗಿ. ಹತ್ತಿಗೆ ಬೇಕಾದುದು ಒಳ್ಳೆಯ ರಸ್ತೆ, ಅದರ ಮೇಲೆ ರೈಲು. ಕಾರವಾರದಿಂದ ಹುಬ್ಬಳ್ಳಿಯ ಕಡೆಗೆ ಹೊಗೆಬಂಡಿಯ ಹಾದಿಯನ್ನು ಹಾಕಬೇಕೆಂಬ ಯೋಜನೆಗಳು ೧೮೬೦ ಮತ್ತು ೧೮೭೦ರ ದಶಕಗಳಲ್ಲಿ ಸಿದ್ಧವಾದವು. ಬಂದರಿನ ಕೆಲಸವೂ ಆರಂಭವಾಯಿತು. ಆದರೆ ೧೮೬೫ರಲ್ಲಿ ಅಮೆರಿಕದ ಯುದ್ಧವು ಮುಗಿದು ಹತ್ತಿಯ ಬೆಲೆಯು ಕುಸಿಯಿತು. ಉತ್ಸಾಹವು ತಗ್ಗಿತು. ಕೊನೆಗೆ ೧೮೭೮ರ ಡಿಸೆಂಬರಿನಲ್ಲಿ ಇಂಗ್ಲಿಷರಿಗೂ ಪೋರ್ತುಗೀಸರಿಗೂ ಒಪ್ಪಂದವಾಗಿ, ಘಟ್ಟದ ಮೇಲಿನ ರೈಲು ಗೋವೆಯ ಮರ್ಮಗೋವೆ ಬಂದರಿಗೆ ಇಳಿಯುವುದೆಂದು ನಿಶ್ಚಯವಾಯಿತು. ೧೮೮೮ರ ಹೊತ್ತಿಗೆ ಆ ಹಾದಿಯು ಘಟ್ಟವನ್ನೇರಿ ಕ್ಯಾಸಲ್‌ರಾಕಿಗೆ ಬಂದು ತಲಪಿತು. ಕಾರವಾರದ ಹಾದಿಯ ಮಾತು ಅಲ್ಲಿಗೆ ನಿಂತಿತು.

ರೈಲು ಬರುವುದೆಂಬ ನಿರೀಕ್ಷೆಯಿಂದ ಹಾಕಿದ ಗಡಿಯು ಹೀಗೆ ರೈಲು ಬಾರದೆಯೂ ಉಳಿದುಕೊಂಡಿತು. ಮುಂದೆ ತೊಂಬತ್ತನಾಲ್ಕು ವರ್ಷಗಳ ಕಾಲ ಭಟ್ಕಳದವನು ಮುಂಬಯಿಯ ಪ್ರಜೆ, ಬೈಂದೂರಿನವನು ಮದರಾಸಿನ ಪ್ರಜೆ. ಈ ಗಡಿಯೇ ಮುಂದಿನ ಯೋಜನೆಗಳಿಗೆ ಹೇಗೆ ತೊಡಕಾಯಿತೆಂಬುದನ್ನು ಇನ್ನು ನೋಡಬಹುದು.

೪

ಮೈಸೂರು ಸಂಸ್ಥಾನದಲ್ಲಿ ರೈಲು ಬೆಳೆದುದು ಮೂಡಲಿಂದ. ೧೮೬೪ರಲ್ಲಿ ಮದರಾಸಿನ ಹಾದಿಯು ಜೋಲಾರ್‌ಪೇಟೆಯ ಮೂಲಕ ಬೆಂಗಳೂರಿಗೆ ಬಂದಿತು. ೧೮೭೬–೭೮ರ ಮಹಾಕ್ಷಾಮವು ಒಳನಾಡಿಗೆ ಧಾನ್ಯವನ್ನು ಒಯ್ಯುವ ದಾರಿಗಳ ಅವಶ್ಯಕತೆಯನ್ನು ಮನಗಾಣಿಸಿತು. ೧೮೮೨ರಲ್ಲಿ ಬೆಂಗಳೂರು–ಮೈಸೂರು ಹಾದಿಯೂ, ೧೮೮೪ರಲ್ಲಿ ತುಮಕೂರಿನ ಹಾದಿಯೂ ತೆರೆದವು. ೧೮೮೯ರಲ್ಲಿ ಬೆಂಗಳೂರು–ಹರಿಹರ ಹಾದಿಯು ಪೂರ್ಣವಾಗಿ, ಮೈಸೂರು ಸಂಸ್ಥಾನಕ್ಕೂ ಹುಬ್ಬಳ್ಳಿಗೂ, ಅಲ್ಲಿಂದ ಮರ್ಮಗೋವೆಗೂ ಕಬ್ಬಿಣದ ನಂಟು ಕೂಡಿತು. ಮುಂದೆ ಹತ್ತು ವರ್ಷಕ್ಕೆ ಬೀರೂರಿನಿಂದ ಒಂದು ಕವಲು ಶಿವಮೊಗ್ಗಕ್ಕೆ ಬಂದಿತು.

ಈ ಕವಲಿನಿಂದ ಮಲೆನಾಡಿಗೆ ಆದ ಉಪಕಾರವು ಸಣ್ಣದಲ್ಲ. ಆದರೆ ಕೆಳಗಿನ ಕರಾವಳಿಯ ದೃಷ್ಟಿಯಿಂದ ನೋಡಿದರೆ ಅದರ ಅರ್ಥವು ಬೇರೆಯಾಗಿ ತೋರುತ್ತದೆ. ಹೇರೆತ್ತಿಗೂ ಗಾಡಿಗೂ ಘಟ್ಟವನ್ನಿಳಿಯುವುದು ಕೆಲವು ದಿನಗಳ ಕೆಲಸ; ಮಳೆಗಾಲದಲ್ಲಿ ದಾರಿಯೂ ಇಲ್ಲ, ಬಂದರೂ ಇಲ್ಲ. ರೈಲಿಗೆ ಮಳೆಗಾಲದ ಅಡ್ಡಿಯಿಲ್ಲ. ಅಡಕೆಯ ಮೂಟೆಯು ಒಮ್ಮೆ ಶಿವಮೊಗ್ಗದ ನಿಲ್ದಾಣವನ್ನು ಸೇರಿದರೆ ಬೆಂಗಳೂರಿಗೋ ಹುಬ್ಬಳ್ಳಿಗೋ ನಿರಾತಂಕವಾಗಿ ಹೋಗಬಲ್ಲದು. ಸಾವಿರ ವರ್ಷ ಪಡುವಲಿಗೆ ನೋಡುತ್ತಿದ್ದ ಮಲೆನಾಡು ಮೆಲ್ಲಗೆ ಮೂಡಲಿಗೆ ಮುಖ ತಿರುಗಿಸಿತು. ಘಟ್ಟದ ದಾರಿಗಳು ಮುಚ್ಚಲಿಲ್ಲ. ಆದರೆ ಹೆದ್ದಾರಿಗಳಾಗಿದ್ದವು ಒಳದಾರಿಗಳಾದವು. ೧೯೦೭ರಲ್ಲಿ ದಕ್ಷಿಣದಿಂದ ಮದರಾಸು ರೈಲು ಮಂಗಳೂರನ್ನು ಮುಟ್ಟಿತು. ಅಲ್ಲಿಂದ ಉತ್ತರಕ್ಕೆ, ಉಡುಪಿ, ಕುಂದಾಪುರ, ಹೊನ್ನಾವರಗಳ ಕಡೆಗೆ, ಅದು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮರ್ಮಗೋವೆಗೂ ಮಂಗಳೂರಿಗೂ ನಡುವಿನ ತೀರವೆಲ್ಲವೂ ರೈಲಿಲ್ಲದೆ ಉಳಿಯಿತು. ಗಂಗೊಳ್ಳಿಯ ಬಂದರಿಗೆ ಆಸರೆಯಾಗಿದ್ದ ಹಿನ್ನಾಡು ಹೀಗೆ ಅದರ ಕೈಯಿಂದ ಜಾರಿತು.

೫

ಇದರ ನಷ್ಟವು ಕರಾವಳಿಗೆ ಮಾತ್ರವಲ್ಲ, ಮೈಸೂರಿಗೂ ತಟ್ಟಿತು. ವಿಸ್ತಾರವಾದ ಸಂಸ್ಥಾನ, ಚಿನ್ನ, ಕಬ್ಬಿಣ, ಮ್ಯಾಂಗನೀಸು, ಶ್ರೀಗಂಧ, ಕಾಫಿ ಎಲ್ಲವೂ ಇವೆ; ಕಡಲು ಮಾತ್ರ ಇಲ್ಲ. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ಕೊರತೆಯನ್ನು ತೀವ್ರವಾಗಿ ಮನಗಂಡರು. ಸಂಸ್ಥಾನಕ್ಕೆ ಸ್ವಂತವಾದ ಒಂದು ಬಂದರು ಬೇಕು, ಅದು ಭಟ್ಕಳದಲ್ಲಿ ಆಗಬೇಕು, ಅಲ್ಲಿಗೆ ಘಟ್ಟದ ಮೇಲಿನಿಂದ ರೈಲು ಇಳಿಯಬೇಕು ಎಂಬುದು ಅವರ ಸಂಕಲ್ಪವಾಗಿದ್ದಿತು. ಭಟ್ಕಳದ ಆಯ್ಕೆಯು ಆಕಸ್ಮಿಕವಲ್ಲ. ವಿಜಯನಗರದ ಕಾಲದಲ್ಲಿ ಅರಸರ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಅದು ಒಂದು. ಘಟ್ಟದ ಮೇಲಿನ ರಾಜ್ಯಕ್ಕೆ ಪಡುಗಡಲಿನ ಬಾಗಿಲಾಗಿದ್ದ ಹಳೆಯ ಪಟ್ಟಣವನ್ನೇ ಅವರು ಮತ್ತೆ ಬಾಗಿಲು ಮಾಡಬಯಸಿದರು.

ಆದರೆ ಭಟ್ಕಳವು ಮುಂಬಯಿ ಆಧಿಪತ್ಯದ ನೆಲ. ರೈಲುಹಾದಿಯ ಮೇಲಿನ ಭಾಗವು ಮೈಸೂರಿನದು. ಕೆಳಗಿನ ಭಾಗವೂ ಬಂದರೂ ಇಂಗ್ಲಿಷ್ ಸರ್ಕಾರದವು. ಮಂಗಳೂರಿಗೆ ಹಾದಿಯನ್ನು ತಿರುಗಿಸೋಣವೆಂದರೆ ಅದು ಮದರಾಸಿನ ನೆಲ. ಸಂಸ್ಥಾನವೊಂದು ತನ್ನ ಗಡಿಯ ಹೊರಗೆ ಬಂದರನ್ನು ಕಟ್ಟಿ, ಅಲ್ಲಿ ಸುಂಕದ ಹಕ್ಕನ್ನು ಪಡೆಯುವುದು ಕೇವಲ ಇಂಜಿನಿಯರರ ಕೆಲಸವಲ್ಲ, ರಾಜಕೀಯ ವ್ಯವಹಾರ. ಮೊದಲನೆಯ ಮಹಾಯುದ್ಧವೂ ನಡುವೆ ಬಂದಿತು. ವಿಶ್ವೇಶ್ವರಯ್ಯನವರ ಅಧಿಕಾರಾವಧಿಯಲ್ಲಿ ೧೯೧೮ರ ಮೈಸೂರು–ಅರಸೀಕೆರೆ ಹಾದಿಯೇ ಮೊದಲಾಗಿ ಸಂಸ್ಥಾನದೊಳಗಿನ ಕೆಲಸಗಳು ನೆರವೇರಿದವು; ಸಂಸ್ಥಾನದ ಹೊರಗೆ ಕಾಲಿಡಬೇಕಾದುದು ನೆರವೇರಲಿಲ್ಲ. ಭಟ್ಕಳದ ಬಂದರು ಕಾಗದದ ಮೇಲೆಯೇ ಉಳಿಯಿತು.

೬

ಅಷ್ಟಾದರೂ ಶಿವಮೊಗ್ಗದ ಹಾದಿಯು ಪಡುವಲಿಗೆ ಚಾಚುವುದನ್ನು ಬಿಡಲಿಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲರ (೧೯೨೬–೧೯೪೧) ಕಾಲದಲ್ಲಿ ಅದು ಹಂತಹಂತವಾಗಿ ಕಾಡಿನೊಳಗೆ ಮುಂದುವರಿಯಿತು. ಕುಂಸಿ, ಅರಸಾಳು, ಆನಂದಪುರ, ಸಾಗರ, ಇವನ್ನು ದಾಟಿ ೧೯೪೦ರಲ್ಲಿ ತಾಳಗುಪ್ಪವನ್ನು ಸೇರಿತು. ಶಿವಮೊಗ್ಗದಿಂದ ಇದರ ದೂರ ಸುಮಾರು ಅರವತ್ತು ಮೈಲಿ. ಹಾದಿಯು ಮೀಟರ್ ಗೇಜಿನದು, ಒಂಟಿ ಹಳಿಯದು.

ಈ ಹಾದಿಗೆ ಬೇಕಾದ ಸರಕು ದಾರಿಯುದ್ದಕ್ಕೂ ಇದ್ದಿತು. ಕುಂಸಿಯಲ್ಲಿ ಮ್ಯಾಂಗನೀಸು, ಅರಸಾಳಿನ ಸುತ್ತ ಮರ, ಆನಂದಪುರ ಸಾಗರಗಳಲ್ಲಿ ಅಡಕೆ, ಅಕ್ಕಿ. ೧೯೨೩ರಲ್ಲಿ ಕೆಲಸಕ್ಕೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಅದೇ ಬೀರೂರು–ಶಿವಮೊಗ್ಗ ಕವಲಿನ ಮೇಲಿದ್ದುದರಿಂದ, ಕಾಡಿನ ಸೌದೆಗೂ ಗಣಿಯ ಅದಿರಿಗೂ ಗಿರಾಕಿಯು ಸಮೀಪದಲ್ಲಿಯೇ ಇದ್ದಿತು. ತುದಿಯಲ್ಲಿ, ತಾಳಗುಪ್ಪದಿಂದ ಹತ್ತು ಮೈಲಿಯಷ್ಟು ದೂರಕ್ಕೆ, ಶರಾವತಿಯು ೮೩೦ ಅಡಿ ಧುಮುಕುವ ಜೋಗ. ಅಲ್ಲಿ ವಿದ್ಯುತ್ತನ್ನು ಪಡೆಯುವ ಕೃಷ್ಣರಾಜೇಂದ್ರ ಜಲವಿದ್ಯುದ್ಯೋಜನೆಗೆ ೧೯೩೯ರಲ್ಲಿ ಅಡಿಗಲ್ಲು ಬಿದ್ದಿತ್ತು. ಮುಂದೆ ಇದು ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. ಆ ಕೆಲಸಕ್ಕೆ ಅತಿ ಸಮೀಪದ ರೈಲುನಿಲ್ದಾಣವು ತಾಳಗುಪ್ಪವೇ ಆಗಿದ್ದಿತು. ಸಾಗರದ ಗುಡಿಗಾರರ ಗಂಧದ ಕೆತ್ತನೆಯ ಪೆಟ್ಟಿಗೆಗಳಿಂದ ಹಿಡಿದು ವಿದ್ಯುದಾಗಾರದ ಭಾರವಾದ ಸಾಮಾನಿನವರೆಗೆ ಎಲ್ಲಕ್ಕೂ ಈ ಹಳಿಯು ಸಲ್ಲುವಂತಿದ್ದಿತು.

ಆದರೆ ಭೂಪಟವನ್ನು ತೆರೆದು ನೋಡಿದರೆ ಒಂದು ಸಂಗತಿಯು ಕಣ್ಣಿಗೆ ಹೊಡೆಯುತ್ತದೆ. ತಾಳಗುಪ್ಪವು ದೊಡ್ಡ ಪೇಟೆಯಲ್ಲ, ಬಂದರಲ್ಲ, ಕೂಡುದಾರಿಯ ಪಟ್ಟಣವೂ ಅಲ್ಲ. ಅದು ಆ ದಿಕ್ಕಿನಲ್ಲಿ ಮೈಸೂರು ಸಂಸ್ಥಾನದ ಕೊನೆಯ ಊರುಗಳಲ್ಲಿ ಒಂದು. ಅಲ್ಲಿಂದ ಕೆಲವೇ ಮೈಲಿಗಳಿಗೆ ಮುಂಬಯಿ ಆಧಿಪತ್ಯದ ಸಿದ್ಧಾಪುರ ತಾಲೂಕು, ಅದರಾಚೆ ಘಟ್ಟ, ಘಟ್ಟದ ಕೆಳಗೆ ಹೊನ್ನಾವರ. ಹಳಿಯು ನಿಂತುದು ಘಟ್ಟದ ನೆತ್ತಿಯಲ್ಲಲ್ಲ, ಗಡಿಯ ಅಂಚಿನಲ್ಲಿ. ದಕ್ಷಿಣದ ಹಾದಿಯು ಮಂಗಳೂರಿನಲ್ಲಿ ನಿಂತುದೂ, ಮೈಸೂರಿನ ಹಾದಿಯು ತಾಳಗುಪ್ಪದಲ್ಲಿ ನಿಂತುದೂ, ಮುಂಬಯಿಯ ಸರ್ಕಾರವು ಕಾರವಾರದ ಹಾದಿಯನ್ನು ಕೈಬಿಟ್ಟುದೂ ಒಂದೇ ಕಥೆಯ ಮೂರು ಭಾಗಗಳು. ಒಂದೊಂದು ಸರ್ಕಾರವೂ ತನ್ನ ಪ್ರಯೋಜನವು ಮುಗಿದೆಡೆಯಲ್ಲಿ ಹಳಿಯನ್ನು ಮುಗಿಸಿತು. ಮೂವರ ಪ್ರಯೋಜನಕ್ಕೂ ಹೊರಗಾಗಿ ಉಳಿದುದು ಹೊನ್ನಾವರದಿಂದ ಕುಂದಾಪುರದವರೆಗಿನ ತೀರ.

೭

ಈ ಅಭಿಪ್ರಾಯಕ್ಕೆ ಕೆಲವು ಆಕ್ಷೇಪಗಳು ಬರಬಹುದು. ಅವನ್ನು ಪರಿಶೀಲಿಸದೆ ಮುಂದುವರಿಯುವುದು ಯುಕ್ತವಲ್ಲ.

ಮೊದಲನೆಯದಾಗಿ, ಹಾದಿಯನ್ನು ತಡೆದುದು ಘಟ್ಟವೇ ಹೊರತು ಗಡಿಯಲ್ಲವೆನ್ನಬಹುದು. ಘಟ್ಟವು ಕಠಿನವೆಂಬುದು ನಿರ್ವಿವಾದ. ಹಾಸನ–ಮಂಗಳೂರು ಹಾದಿಯನ್ನು ಮುಂದೆ ಕಟ್ಟಿದಾಗ, ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವೆ ಸುಮಾರು ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳನ್ನೂ ೧೦೯ ಸೇತುವೆಗಳನ್ನೂ ಮಾಡಬೇಕಾಯಿತು. ಐವತ್ತಕ್ಕೆ ಒಂದರ ಏರು ಅಲ್ಲಿ ಉದ್ದಕ್ಕೂ ಇದೆ. ೧೯೬೦ರ ದಶಕದ ನಡುವಿನಲ್ಲಿ ಆರಂಭವಾದ ಆ ಕೆಲಸವು ಮುಗಿದುದು ೧೯೭೯ರಲ್ಲಿ. ಆದರೆ ಮರ್ಮಗೋವೆಯ ಹಾದಿಯು ಇಂತಹದೇ ಘಟ್ಟವನ್ನು ೧೮೮೦ರ ದಶಕದಲ್ಲಿಯೇ ಏರಿದ್ದಿತು. ಆಗ ಸಾಧ್ಯವಾದುದು ಐವತ್ತು ವರ್ಷಗಳ ಮೇಲೆ ಅಸಾಧ್ಯವಾಗಿದ್ದಿತೆನ್ನಲಾಗದು.

ಎರಡನೆಯದಾಗಿ, ಮರ್ಮಗೋವೆಯ ಹಾದಿಯು ಎರಡು ರಾಜ್ಯಗಳ ಗಡಿಯನ್ನು ದಾಟಿತಲ್ಲವೇ ಎನ್ನಬಹುದು. ಹೌದು, ದಾಟಿತು. ಆದರೆ ಅದಕ್ಕಾಗಿ ಎರಡು ಸಾರ್ವಭೌಮ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಒಪ್ಪಂದದಲ್ಲಿ ಇಂಗ್ಲಿಷರಿಗೆ ಸ್ವಂತ ಲಾಭವಿದ್ದಿತು. ಮೈಸೂರು ಸಂಸ್ಥಾನಕ್ಕೆ ಆ ಸ್ವಾತಂತ್ರ್ಯವಿರಲಿಲ್ಲ. ಆದುದರಿಂದ ಈ ನಿದರ್ಶನವು ಗಡಿಯ ಬಲವನ್ನು ಅಲ್ಲಗಳೆಯದೆ, ಗಡಿಯನ್ನು ದಾಟುವ ಶಕ್ತಿಯು ಯಾರ ಕೈಯಲ್ಲಿದ್ದಿತೆಂಬುದನ್ನು ಸ್ಪಷ್ಟಪಡಿಸುತ್ತದೆ.

ಮೂರನೆಯ ಆಕ್ಷೇಪವು ಇವೆರಡಕ್ಕಿಂತ ಬಲವುಳ್ಳದ್ದು. ೧೯೫೦ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯು ಭಾರತ ಸರ್ಕಾರಕ್ಕೆ ಸೇರಿತು. ೧೯೫೧ರಲ್ಲಿ ದಕ್ಷಿಣ ರೈಲ್ವೆಯು ರೂಪುಗೊಂಡಿತು. ೧೯೫೬ರ ನವೆಂಬರ್ ೧ರಂದು ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳು ಒಂದೇ ರಾಜ್ಯವಾದವು. ಕೆಳದಿಯ ಸೀಮೆಯು ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಮತ್ತೆ ಒಂದಾಯಿತು. ಗಡಿಯು ಅಳಿದ ಮೇಲೆಯೂ ಹಾದಿಯು ಏಕೆ ಇಳಿಯಲಿಲ್ಲ? ಇದಕ್ಕೆ ಉತ್ತರವು ಕಾಲಗತಿಯಲ್ಲಿದೆ. ರೈಲಿಗೆ ಅನುಕೂಲವಾದ ಕಾಲವು ಅಷ್ಟು ಹೊತ್ತಿಗೆ ಮೀರಿದ್ದಿತು. ಮೋಟಾರು ಲಾರಿಯು ಘಟ್ಟವನ್ನಿಳಿಯಲು ಕಲಿತಿದ್ದಿತು. ರಾಜ್ಯಕ್ಕೆ ಬೇಕಾದ ದೊಡ್ಡ ಬಂದರು ೧೯೭೦ರ ದಶಕದಲ್ಲಿ ನವಮಂಗಳೂರಿನಲ್ಲಿ ಆಯಿತು. ಅದಕ್ಕೆ ಹಾಸನದ ಹಾದಿಯೊಂದು ಸಾಕೆನಿಸಿತು. ಗಂಗೊಳ್ಳಿಯ ಅಳಿವೆಯ ಮರಳದಿಬ್ಬವು ದೊಡ್ಡ ಹಡಗುಗಳನ್ನು ಒಳಗೆ ಬಿಡುವಂತಿರಲಿಲ್ಲ. ಪಶ್ಚಿಮಘಟ್ಟದ ಕಾಡನ್ನು ಉಳಿಸಬೇಕೆಂಬ ನ್ಯಾಯವಾದ ವಿಚಾರವೂ ಅನಂತರ ಬಂದು ಕೂಡಿತು. ಹುಬ್ಬಳ್ಳಿ–ಅಂಕೋಲೆಯ ಹಾದಿಯು ೧೯೯೦ರ ದಶಕದಲ್ಲಿ ಮಂಜೂರಾಗಿಯೂ ಕಾಡಿನ ಅಂಚಿನಲ್ಲಿ ತಡೆದು ನಿಂತುದು ಇದಕ್ಕೆ ನಿದರ್ಶನ. ಗಡಿಯೊಂದೇ ಕಾರಣವೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಕೆಲಸವು ಆಗಬಹುದಾಗಿದ್ದ ಕಾಲದಲ್ಲಿ ಗಡಿಯು ಅದನ್ನು ತಡೆಯಿತು. ಗಡಿಯು ಹೋದ ಕಾಲದಲ್ಲಿ ಕೆಲಸದ ಅವಶ್ಯಕತೆಯೇ ಕುಗ್ಗಿದ್ದಿತು. ಇಷ್ಟನ್ನು ಮಾತ್ರ ನಿಸ್ಸಂದೇಹವಾಗಿ ಹೇಳಬಹುದು.

೮

ಎಲ್ಲಿಗೂ ಮುಂದುವರಿಯದ ಹಾದಿಯು ತಾನಿದ್ದಲ್ಲಿಯೇ ಸವೆಯುತ್ತದೆ. ತಾಳಗುಪ್ಪದ ಹಾದಿಗೂ ಹಾಗೆಯೇ ಆಯಿತು. ಜೋಗದ ಮೊದಲ ವಿದ್ಯುದಾಗಾರದ ಕೆಲಸ ಮುಗಿಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೂ ಆಯಿತು. ಮರಕ್ಕೂ ಅಡಕೆಗೂ ಲಾರಿಯು ಬಂದಿತು. ೧೯೯೦ರ ದಶಕದಲ್ಲಿ ಬೀರೂರು–ಶಿವಮೊಗ್ಗದ ಹಾದಿಯನ್ನು ಬ್ರಾಡ್ ಗೇಜಿಗೆ ಅಗಲಿಸಿದಾಗ, ಶಿವಮೊಗ್ಗದಿಂದಾಚೆಯ ಮೀಟರ್ ಗೇಜಿನ ತುಂಡು ಕೊಂಬೆಯಿಂದ ಕಡಿದ ರೆಂಬೆಯಂತೆ ಒಂಟಿಯಾಯಿತು. ಅದರ ಮೇಲೆ ಕೊನೆಗಾಲದಲ್ಲಿ ಓಡಿದುದು ಒಂದೇ ಗಾಡಿಯ ರೈಲ್‌ಬಸ್ಸು. ಒಂದು ಕಾಲಕ್ಕೆ ಕಡಲನ್ನು ಮುಟ್ಟಬೇಕೆಂದು ಬಗೆದಿದ್ದ ಹಾದಿಯು ಹಳ್ಳಿಯ ಮೋಟಾರಿನಷ್ಟು ಮಂದಿಯನ್ನು ಹೊತ್ತು ಕಾಡಿನೊಳಗೆ ಸುಳಿದಾಡಿತು. ಗೇಜಿನ ಬದಲಾವಣೆಗಾಗಿ ಅದೂ ನಿಂತು, ಹಳೆಯ ಹಳಿಯನ್ನು ಕಿತ್ತರು.

ಈ ಹಾದಿಯ ರೂಪವು ಜನರ ನೆನಪಿನಲ್ಲಿ ಉಳಿದುದು ಇನ್ನೊಂದು ಕಾರಣದಿಂದ. ೧೯೮೦ರ ದಶಕದಲ್ಲಿ ಆರ್. ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕೆ ಅಳವಡಿಸಿದ ಶಂಕರನಾಗರು, ಕಥೆಯ ಮಾಲ್ಗುಡಿಯ ನಿಲ್ದಾಣಕ್ಕಾಗಿ ಅರಸಾಳಿನ ನಿಲ್ದಾಣವನ್ನು ಆರಿಸಿಕೊಂಡರು. ಆ ನಿರ್ದೇಶಕರು ಹುಟ್ಟಿದುದು ಹೊನ್ನಾವರದ ಸೀಮೆಯಲ್ಲಿ, ಈ ಹಾದಿಯು ಇಳಿಯಬೇಕಾಗಿದ್ದು ಇಳಿಯದೆ ಹೋದ ಊರಿನಲ್ಲಿ. ಅರಸಾಳಿನ ಹಳೆಯ ಕಟ್ಟಡವನ್ನು ೨೦೨೦ರಲ್ಲಿ 'ಮಾಲ್ಗುಡಿ' ಹೆಸರಿನ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಯಿತು. ಕನ್ನಡ ಮಲೆನಾಡಿನ ನಿಜವಾದ ನಿಲ್ದಾಣವೊಂದು ಇಂಗ್ಲಿಷ್ ಕಥೆಯ ಕಲ್ಪಿತ ನಿಲ್ದಾಣದ ಹೆಸರಿನಿಂದ ಸಂರಕ್ಷಿತವಾಗಬೇಕಾಯಿತೆಂಬುದು ಸಾಹಿತ್ಯದ ಅಧ್ಯಾಪಕರು ಯೋಚಿಸತಕ್ಕ ಸಂಗತಿ. ತನ್ನ ಸ್ವಂತ ಚರಿತ್ರೆಯಿಂದ ಅದು ಉಳಿದಿದ್ದರೆ ಇನ್ನೂ ಲೇಸಾಗುತ್ತಿತ್ತು.

ಅದೃಷ್ಟವಶಾತ್ ಹಾದಿಯು ಪೂರ್ತಿಯಾಗಿ ಅಳಿಯಲಿಲ್ಲ. ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದ ಆರಂಭದ ಹೊತ್ತಿಗೆ ಬ್ರಾಡ್ ಗೇಜು ಸಾಗರವನ್ನು ದಾಟಿ ತಾಳಗುಪ್ಪವನ್ನು ಮುಟ್ಟಿತು. ಬೆಂಗಳೂರು ಮೈಸೂರುಗಳಿಂದ ನೇರವಾಗಿ ಗಾಡಿಗಳು ಬರತೊಡಗಿದವು. ಆದರೆ ಹಳಿಯು ಹಿಂದೆ ನಿಂತಲ್ಲಿಯೇ ಇಂದಿಗೂ ನಿಂತಿದೆ. ತಾಳಗುಪ್ಪದಿಂದ ಹೊನ್ನಾವರಕ್ಕೆ ಹಾದಿಯನ್ನು ಇಳಿಸುವ ಮಾತು ಮಾತ್ರ ಆಗಾಗ ಕೇಳಿಬರುತ್ತದೆ.

೯

ಇತ್ತ ಕರಾವಳಿಗೆ ರೈಲು ಬಂದುದು ಘಟ್ಟದಿಂದಲ್ಲ. ೧೯೯೦ರಲ್ಲಿ, ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳಾಗಿದ್ದಾಗ, ಕೊಂಕಣ ರೈಲ್ವೆ ನಿಗಮವು ಸ್ಥಾಪಿತವಾಯಿತು. ಇ. ಶ್ರೀಧರನ್ನರ ನೇತೃತ್ವದಲ್ಲಿ ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು ೭೪೦ ಕಿಲೋಮೀಟರು ಉದ್ದದ ಹಾದಿಯನ್ನು ಕಟ್ಟಿ, ೧೯೯೮ರ ಜನವರಿ ೨೬ರಂದು ಪೂರ್ಣವಾಗಿ ತೆರೆಯಲಾಯಿತು. ಬಾರಕೂರು, ಕುಂದಾಪುರ, ಸೇನಾಪುರ, ಬೈಂದೂರು, ಭಟ್ಕಳ, ಹೊನ್ನಾವರ, ಎಲ್ಲ ಊರುಗಳ ಹೆಸರೂ ನಿಲ್ದಾಣದ ಹಲಗೆಯ ಮೇಲೆ ಮೂಡಿದವು. ಕುಂದಾಪುರದ ನಿಲ್ದಾಣವು ಇರುವುದು ಪೇಟೆಯಲ್ಲಿ ಅಲ್ಲ, ಬಸರೂರಿನ ಬದಿಯ ಮೂಡ್ಲಕಟ್ಟೆಯಲ್ಲಿ. ಹಳೆಯ ಬಂದರಿನ ಪಟ್ಟಣದ ಪಕ್ಕದಲ್ಲಿಯೇ ರೈಲು ಬಂದು ನಿಲ್ಲುತ್ತದೆ; ಗುಲ್ವಾಡಿಯವರಿಗೂ ಅದೇ ನಿಲ್ದಾಣ ಸಮೀಪದ್ದು.

ಇದರಿಂದ ಕರಾವಳಿಗೆ ಆದ ಮಹೋಪಕಾರವನ್ನು ಎಷ್ಟು ಹೊಗಳಿದರೂ ಕಡಮೆಯೇ. ಆದರೆ ಚರಿತ್ರೆಯ ವಿದ್ಯಾರ್ಥಿಯು ಒಂದನ್ನು ಗಮನಿಸಬೇಕು. ಈ ಹಾದಿಯು ಬಡಗಣಿಂದ ತೆಂಕಣಕ್ಕೆ ಸಾಗುತ್ತದೆ. ಇದು ಮುಂಬಯಿಯನ್ನೂ ಕೇರಳವನ್ನೂ ಕೂಡಿಸುತ್ತದೆ. ಕರಾವಳಿಯನ್ನೂ ಮಲೆನಾಡನ್ನೂ ಕೂಡಿಸುವುದಿಲ್ಲ. ಕೆಳದಿ, ಬಿದನೂರುಗಳಿಂದ ಬಸರೂರಿಗೆ ಇಳಿಯುತ್ತಿದ್ದ ಹಳೆಯ ಜಾಡುಗಳನ್ನು ಇದು ಅಡ್ಡವಾಗಿ ದಾಟಿ ಹೋಗುತ್ತದೆ. ಮುಂಬಯಿಗೆ ಒಂದೇ ರಾತ್ರಿಯಲ್ಲಿ ಹೋಗಬಲ್ಲ ಕುಂದಾಪುರದವನು, ಎದುರಿಗೆ ಕಾಣುವ ಘಟ್ಟದ ಮೇಲಿನ ಸಾಗರಕ್ಕೆ ರೈಲಿನಲ್ಲಿ ಹೋಗಬೇಕಾದರೆ ಮಂಗಳೂರು, ಹಾಸನ, ಅರಸೀಕೆರೆ, ಬೀರೂರು, ಶಿವಮೊಗ್ಗಗಳನ್ನು ಸುತ್ತಬೇಕು. ಭಾಷೆಯಲ್ಲಿ, ಬಾಂಧವ್ಯದಲ್ಲಿ, ದೇವಸ್ಥಾನದ ನಡೆಯಲ್ಲಿ, ಯಕ್ಷಗಾನದ ಮೇಳಗಳ ಸಂಚಾರದಲ್ಲಿ ಇಂದಿಗೂ ಒಂದಾಗಿರುವ ಎರಡು ಸೀಮೆಗಳ ನಡುವೆ ಕಬ್ಬಿಣದ ಹಾದಿಯೊಂದು ಮಾತ್ರ ಇಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಗುಲ್ವಾಡಿಯ ಸೀಮೆಯಲ್ಲಿ ಕೈಬಿಟ್ಟುಹೋದುದು ಹಳಿಗಳಲ್ಲ. ಹಾಕದ ಹಳಿಯನ್ನು ಕೈಬಿಡುವುದೆಂತು? ಕೈಬಿಟ್ಟುದು ಒಂದು ದಿಕ್ಕನ್ನು. ಬಸರೂರನ್ನು ಬೆಳೆಸಿ, ಕೆಳದಿಯನ್ನು ಕಡಲಿಗೆ ಕಟ್ಟಿ, ಘಟ್ಟವನ್ನು ಮೆಟ್ಟಿಲು ಮಾಡಿದ್ದ ಆ ಮೂಡು–ಪಡುವಿನ ನಡೆಯು ಮೊದಲು ಆಳರಸರ ಗೆರೆಗಳಿಂದ ತುಂಡಾಯಿತು. ಆಮೇಲೆ ಆ ಗೆರೆಗಳನ್ನೇ ಅನುಸರಿಸಿದ ರೈಲುಹಾದಿಗಳಿಂದ ಗಟ್ಟಿಯಾಗಿ ಮರೆಯಾಯಿತು. ಇಂದು ತಾಳಗುಪ್ಪದ ಕೊನೆಯ ನಿಲ್ದಾಣದಿಂದ ಸ್ವಲ್ಪ ದೂರಕ್ಕೆ ಶರಾವತಿಯು ಜೋಗದಲ್ಲಿ ಧುಮುಕುತ್ತದೆ. ಅದೇ ನೀರು ಘಟ್ಟವನ್ನಿಳಿದು ಹೊನ್ನಾವರದ ಬಳಿ, ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಾದ ಕೊಂಕಣ ರೈಲ್ವೆಯ ಸೇತುವೆಯ ಕೆಳಗೆ ಹಾದು, ಕಡಲನ್ನು ಸೇರುತ್ತದೆ. ಎರಡು ರೈಲುಹಾದಿಗಳ ನಡುವೆ ಮನುಷ್ಯರು ಹಾಕಲಾರದೆ ಹೋದ ಆ ನಂಟನ್ನು ಹೊಳೆಯು ಎಂದಿನಂತೆ ಹರಿದು ಉಳಿಸಿಕೊಂಡಿದೆ.